ಸಲೀಸಾಗಿ ಬರುವುದು ನಮಗೇ ಕಾಣುವುದಿಲ್ಲ

ಎಂಜಿನಿಯರಿಂಗ್ ಮೊದಲ ವರ್ಷದ ಡ್ರಾಯಿಂಗ್ ಕ್ಲಾಸು. ಒಂದು ಪಿರಮಿಡ್ಡನ್ನು ಓರೆಯಾಗಿ ಮಲಗಿಸಿದ್ದಾರೆ ಅಂದುಕೊಳ್ಳಬೇಕು. ಅದು ಮೇಲಿನಿಂದ ಹೇಗೆ ಕಾಣುತ್ತದೆ, ಎದುರಿನಿಂದ ಹೇಗೆ ಕಾಣುತ್ತದೆ ಎಂದು ಗೆರೆ ಎಳೆದು ತೋರಿಸಬೇಕು. ಪಿಯುಸಿಯಲ್ಲಿ ಗಣಿತಕ್ಕೆ ನನಗೆ 100ಕ್ಕೆ 96 ಬಂದಿತ್ತು. ಸೂತ್ರಗಳೆಲ್ಲ ನಾಲಿಗೆಯ ತುದಿಯಲ್ಲಿದ್ದವು. ಆದರೆ ಆ ಪಿರಮಿಡ್ ಮಾತ್ರ ನನ್ನ ತಲೆಯೊಳಗೆ ತಿರುಗಲೇ ಇಲ್ಲ. ಹಾಸ್ಟೆಲಿಗೆ ಬಂದು ಬಟ್ಟೆ ಸೋಪನ್ನು ಬ್ಲೇಡಿನಿಂದ ಕೆತ್ತಿ, ಪಿರಮಿಡ್ ಮಾಡಿ, ಮೇಜಿನ ಮೇಲೆ ಓರೆಯಾಗಿ ಇಟ್ಟು ನೋಡಿಕೊಂಡು ಬರೆಯುತ್ತಿದ್ದೆ.

ನನ್ನ ರೂಮ್‌ಮೇಟ್‌ಗೆ ಗಣಿತದಲ್ಲಿ ನನಗಿಂತ ಕಡಿಮೆ ಅಂಕ. ಅವಳು ಪ್ರಶ್ನೆ ಓದುತ್ತಿದ್ದಳು, ಒಂದು ಗಳಿಗೆ ಗೋಡೆ ನೋಡುತ್ತಿದ್ದಳು, ಗೆರೆ ಎಳೆಯಲು ಶುರು ಮಾಡುತ್ತಿದ್ದಳು. "ಹೇಗೆ ಗೊತ್ತಾಯ್ತು?" ಅಂದರೆ "ಕಾಣುತ್ತಲ್ಲ" ಅನ್ನುತ್ತಿದ್ದಳು. ಒಂದು ದಿನ ನಿಜವಾದ ಅಚ್ಚರಿಯಿಂದ ಕೇಳಿದಳು: "ನಿಂಗೆ ಕಾಣಲ್ವೇನೇ?"

ಇಷ್ಟು ವರ್ಷವಾದರೂ ಆ ಪ್ರಶ್ನೆ ನನ್ನ ಕಿವಿಯಲ್ಲಿದೆ. ತನ್ನಲ್ಲಿ ಇಂಥದ್ದೊಂದು ಶಕ್ತಿ ಇದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಎಲ್ಲರಿಗೂ ಹಾಗೇ ಕಾಣುತ್ತದೆ ಅಂದುಕೊಂಡಿದ್ದಳು. ತಾನು ಸಾಧಾರಣ ವಿದ್ಯಾರ್ಥಿನಿ ಎಂದೇ ನಂಬಿದ್ದಳು. ಯಾಕೆಂದರೆ ಅವಳ ಅಂಕಪಟ್ಟಿ ಹಾಗೆ ಹೇಳುತ್ತಿತ್ತು. ಅವಳು ತೋರಿಸಿದ ಆ ಶಕ್ತಿಗೆ ಎಸ್‌ಎಸ್‌ಎಲ್‌ಸಿಯಲ್ಲಾಗಲಿ ಪಿಯುಸಿಯಲ್ಲಾಗಲಿ ಒಂದು ಅಂಕವೂ ಇರಲಿಲ್ಲ.

ಆಪ್ಟಿಟ್ಯೂಡ್ ಟೆಸ್ಟ್ ಎಂದರೇನು ಎಂದು ಯಾರಾದರೂ ಕೇಳಿದರೆ ನಾನು ಇಲ್ಲಿಂದ ಶುರು ಮಾಡುತ್ತೇನೆ. ಕಷ್ಟಪಟ್ಟು ಕಲಿತದ್ದು ನಮಗೆ ನೆನಪಿರುತ್ತದೆ. ನೀರು ಕುಡಿದಷ್ಟು ಸಲೀಸಾಗಿ ಬರುವುದನ್ನು ನಾವು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅದನ್ನು ನೋಡಲು ಹೊರಗಿನ ಒಂದು ಅಳತೆ ಬೇಕಾಗುತ್ತದೆ.

ಬಿ.ಎಡ್. ಪಠ್ಯಗಳಲ್ಲಿ ಆಪ್ಟಿಟ್ಯೂಡ್‌ಗೆ 'ಅಭಿಕ್ಷಮತೆ' ಎಂಬ ಪದವಿದೆ. ಮನೆಗಳಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. ನಾವು "ಅವಳಿಗೆ ಸಂಗೀತ ಒಲಿದಿದೆ" ಅನ್ನುತ್ತೇವೆ. "ಅವನಿಗೆ ಲೆಕ್ಕ ಒಲಿಯಲಿಲ್ಲ" ಅನ್ನುತ್ತೇವೆ. ನನಗೆ ಈ ಮಾತೇ ಹೆಚ್ಚು ಸರಿ ಅನಿಸುತ್ತದೆ. ಒಂದು ಕೆಲಸವನ್ನು ಇನ್ನೂ ಕಲಿಯದೇ ಇರುವಾಗ, ಕಲಿಯಲು ಹೊರಟರೆ ಅದು ಎಷ್ಟು ಬೇಗ, ಎಷ್ಟು ಸುಲಭವಾಗಿ ಒಲಿಯಬಹುದು ಎಂಬ ಅಂದಾಜೇ ಆಪ್ಟಿಟ್ಯೂಡ್. ಎಷ್ಟು ಕಲಿತಿದ್ದೀರಿ ಎಂಬುದು ಬೇರೆ, ಅದನ್ನು ಪರೀಕ್ಷೆಯ ಅಂಕ ಹೇಳುತ್ತದೆ. ಏನು ಇಷ್ಟ ಎಂಬುದು ಇನ್ನೂ ಬೇರೆ. ಕ್ರಿಕೆಟ್ ಇಷ್ಟಪಡುವ ಎಲ್ಲರಿಗೂ ಚೆಂಡು ಬ್ಯಾಟಿಗೆ ಸಿಗುವುದಿಲ್ಲ ಅಲ್ವಾ?

ಮುನ್ನೂರು ಪಿನ್ನುಗಳು

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಲಿನ್ ಎಂಬ ಊರಿದೆ. ಅಲ್ಲಿನ ಜನರಲ್ ಎಲೆಕ್ಟ್ರಿಕ್ ಕಾರ್ಖಾನೆಯಲ್ಲಿ ವಿದ್ಯುತ್ ಮೀಟರಿನಂಥ ಸಣ್ಣ ಸಣ್ಣ ಉಪಕರಣಗಳನ್ನು ಕೈಯಿಂದ ಜೋಡಿಸುತ್ತಿದ್ದರು. ಕೆಲವರು ಕೆಲಸಕ್ಕೆ ಸೇರಿದ ಕೆಲವೇ ದಿನಗಳಲ್ಲಿ ಚಕಚಕ ಜೋಡಿಸುತ್ತಿದ್ದರು. ಕೆಲವರು ತಿಂಗಳುಗಟ್ಟಲೆ ಒದ್ದಾಡಿ ಬಿಟ್ಟು ಹೋಗುತ್ತಿದ್ದರು. ಯಾರು ಯಾವ ಗುಂಪಿನವರು ಎಂದು ಮೊದಲೇ ತಿಳಿಯಲು ಸಾಧ್ಯವೇ? 1922ರಲ್ಲಿ ಈ ಪ್ರಶ್ನೆ ಜಾನ್ಸನ್ ಓ'ಕಾನರ್ ಎಂಬ ಉದ್ಯೋಗಿಯ ಪಾಲಿಗೆ ಬಂತು. ಅವರು ಹಾರ್ವರ್ಡ್‌ನಲ್ಲಿ ತತ್ವಶಾಸ್ತ್ರ ಓದಿದವರು.

ಅವರು ಮಾಡಿದ ಉಪಾಯ ಬಹಳ ಸರಳ. ಒಂದು ಹಲಗೆ, ಅದರಲ್ಲಿ 100 ತೂತು. ಪಕ್ಕದಲ್ಲಿ ಸಣ್ಣ ಲೋಹದ ಪಿನ್ನುಗಳು. ಒಂದು ಸಲಕ್ಕೆ ಮೂರು ಪಿನ್ನು ಎತ್ತಿಕೊಂಡು ಒಂದು ತೂತಿಗೆ ಹಾಕಬೇಕು. ನೂರೂ ತೂತು ತುಂಬಲು ಎಷ್ಟು ಹೊತ್ತು ಬೇಕಾಯಿತು ಎಂದು ಗಡಿಯಾರ ನೋಡಿ ಬರೆದುಕೊಳ್ಳುತ್ತಿದ್ದರು. ಇದಕ್ಕೆ ಓದು ಬೇಡ, ಅನುಭವ ಬೇಡ. ಮಲ್ಲಿಗೆ ಹೂವು ಕಟ್ಟುವವರನ್ನು ನೋಡಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ನಮ್ಮ ಮನೆಯಲ್ಲಿ ಒಬ್ಬರು ಮಾತಾಡುತ್ತ ಮಾತಾಡುತ್ತ ನಾಲ್ಕು ಮೊಳ ಕಟ್ಟಿ ಮುಗಿಸಿರುತ್ತಾರೆ. ನಾನು ಅಷ್ಟೊತ್ತಿಗೆ ಇನ್ನೂ ಅರ್ಧ ಮೊಳದಲ್ಲಿರುತ್ತೇನೆ, ಅದರಲ್ಲೂ ಮೊದಲಿನ ಹೂವು ಉದುರಿರುತ್ತದೆ.

ಇದರ ನಂತರ ಓ'ಕಾನರ್ ಇನ್ನೊಂದು ಹಲಗೆ ಮಾಡಿದರು. ಅದರಲ್ಲಿ ಚಿಮಟದಿಂದ ಒಂದೊಂದೇ ಪಿನ್ನು ಎತ್ತಿ ಹಾಕಬೇಕು. ಬೆರಳಿನಲ್ಲಿ ಚುರುಕಾದವರೇ ಚಿಮಟದಲ್ಲೂ ಚುರುಕಾಗಿರಬೇಕು ಎಂದು ನಾವು ಅಂದುಕೊಳ್ಳುತ್ತೇವೆ. ಹಾಗೇನೂ ಇಲ್ಲ ಎಂದು ಅವರು ಕಂಡರು. ಬರಿಗೈಯ ಚಳಕ ಬೇರೆ, ಉಪಕರಣ ಹಿಡಿದ ಕೈಯ ಚಳಕ ಬೇರೆ. ಒಂದೇ ಅಂದುಕೊಂಡಿದ್ದು ಎರಡಾಯಿತು. ಅಲ್ಲಿಂದ ಮುಂದೆ ಅವರ ಜೀವನವೆಲ್ಲ ಇದೇ ಕೆಲಸದಲ್ಲಿ ಕಳೆಯಿತು. 'ಜಾಣ', 'ದಡ್ಡ' ಎಂದು ನಾವು ಒಟ್ಟಾಗಿ ಕರೆಯುವುದರ ಒಳಗೆ ಎಷ್ಟು ಬೇರೆ ಬೇರೆ ಶಕ್ತಿಗಳಿವೆ ಎಂದು ಬಿಡಿಸುತ್ತ ಹೋದರು.

ಅವುಗಳಲ್ಲಿ ನನಗೆ ಹತ್ತಿರವಾದದ್ದು 'ವಿಗ್ಲಿ ಬ್ಲಾಕ್'. ಒಂದು ಮರದ ದಿಮ್ಮಿಯನ್ನು ಅಲೆಅಲೆಯಾಗಿ ಸೀಳಿ ಒಂಬತ್ತು ತುಂಡು ಮಾಡಿರುತ್ತಾರೆ. ಅವುಗಳನ್ನು ಮತ್ತೆ ಜೋಡಿಸಿ ದಿಮ್ಮಿ ಮಾಡಬೇಕು. ನನ್ನ ರೂಮ್‌ಮೇಟ್ ಇದನ್ನು ಆಟದಂತೆ ಮುಗಿಸುತ್ತಿದ್ದಳು ಎಂದು ನನಗೆ ಅನುಮಾನವೇ ಇಲ್ಲ. ಒಂದು ವಸ್ತುವನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವ ಶಕ್ತಿ ಇದು. ಸರ್ಜನ್, ಮೆಕ್ಯಾನಿಕ್, ಆರ್ಕಿಟೆಕ್ಟ್, ಶಿಲ್ಪಿ, ಬಡಗಿ ಎಲ್ಲರಿಗೂ ಇದು ಬೇಕು.

ಇನ್ನೊಂದು, ವಿಚಾರಗಳು ಎಷ್ಟು ವೇಗವಾಗಿ ಹರಿದು ಬರುತ್ತವೆ ಎಂಬುದು. ಒಂದು ವಿಷಯ ಕೊಟ್ಟು, ತೋಚಿದ್ದನ್ನೆಲ್ಲ ನಿಲ್ಲಿಸದೆ ಬರೆಯಿರಿ ಅನ್ನುತ್ತಾರೆ. ವಿಚಾರ ಒಳ್ಳೆಯದೋ ಕೆಟ್ಟದೋ ಎಂದು ನೋಡುವುದಿಲ್ಲ, ಎಷ್ಟು ಬಂತು ಎಂದಷ್ಟೇ ಎಣಿಸುತ್ತಾರೆ. ಓ'ಕಾನರ್ ಇದಕ್ಕೆ 'ಐಡಿಯಾಫೋರಿಯಾ' ಎಂಬ ಹೆಸರನ್ನೇ ಹುಟ್ಟಿಸಿದರು. ಪಾಠ ಮಾಡುವವರಿಗೆ, ಜಾಹೀರಾತು ಬರೆಯುವವರಿಗೆ ಇದು ವರ. ದಿನವಿಡೀ ಒಂದೇ ಲೆಡ್ಜರಿನ ಮೇಲೆ ಕಣ್ಣಿಡಬೇಕಾದವರಿಗೆ ಇದೇ ತೊಂದರೆ, ಮನಸ್ಸು ಹತ್ತು ಕಡೆ ಓಡುತ್ತದೆ. ಒಂದು ಕಡೆ ಬಲವಾದದ್ದು ಇನ್ನೊಂದು ಕಡೆ ಅಡ್ಡಗಾಲಾಗಬಹುದು ಎಂಬ ಈ ಮಾತು ನನಗೆ ಬಹಳ ಮುಖ್ಯ ಅನಿಸುತ್ತದೆ. ಎಲ್ಲದರಲ್ಲೂ ಹೆಚ್ಚು ಬಂದರೆ ಒಳ್ಳೆಯದು ಎಂದು ನಾವು ಅಂಕಪಟ್ಟಿಯಿಂದ ಕಲಿತಿದ್ದೇವೆ. ಇಲ್ಲಿ ಹಾಗಿಲ್ಲ.

ಸ್ವರ ನೆನಪಿಟ್ಟುಕೊಳ್ಳುವುದು, ತಾಳ ಗುರುತಿಸುವುದು, ಅಂಕಿ ನೆನಪಿಡುವುದು, ಒಂದು ಚಿತ್ರವನ್ನು ಒಮ್ಮೆ ನೋಡಿ ಹಾಗೇ ಬರೆಯುವುದು, ಇವಕ್ಕೂ ಬೇರೆ ಬೇರೆ ಪರೀಕ್ಷೆಗಳಿವೆ. ಕೊನೆಯದನ್ನು ಓದಿದಾಗ ನನ್ನ ಅಜ್ಜಿ ನೆನಪಾದರು. ದೇವಸ್ಥಾನಕ್ಕೆ ಹೋಗುವಾಗ ಯಾರದೋ ಬಾಗಿಲ ಮುಂದೆ 21 ಚುಕ್ಕಿಯ ರಂಗೋಲಿ ಕಂಡರೆ, ಮರುದಿನ ಅದೇ ರಂಗೋಲಿ ನಮ್ಮ ಬಾಗಿಲಲ್ಲಿ ಇರುತ್ತಿತ್ತು. ಒಂದು ಎಳೆಯೂ ತಪ್ಪುತ್ತಿರಲಿಲ್ಲ. ಅವರು ಓದಿದ್ದು ನಾಲ್ಕನೇ ಕ್ಲಾಸು. ತಮಗೆ ಏನೂ ಬರುವುದಿಲ್ಲ ಎಂದೇ ಕೊನೆಯವರೆಗೂ ಹೇಳುತ್ತಿದ್ದರು.

ಓ'ಕಾನರ್ ಅವರ ಪ್ರಯೋಗಾಲಯ 1930ರಲ್ಲಿ ಕಾರ್ಖಾನೆ ಬಿಟ್ಟು ನ್ಯೂಜೆರ್ಸಿಯ ಸ್ಟೀವನ್ಸ್ ತಾಂತ್ರಿಕ ಸಂಸ್ಥೆಗೆ ಬಂತು. 1939ರಲ್ಲಿ ಲಾಭವಿಲ್ಲದ ಸಂಶೋಧನಾ ಪ್ರತಿಷ್ಠಾನವಾಯಿತು, ಇವತ್ತಿಗೂ ಕೆಲಸ ಮಾಡುತ್ತಿದೆ. ಅಲ್ಲಿ ಆದ ಬದಲಾವಣೆ ಗಮನಿಸಿ. ಶುರುವಿನಲ್ಲಿ ಪ್ರಶ್ನೆ ಕಾರ್ಖಾನೆಯದು: ಈ ಕೆಲಸಕ್ಕೆ ಯಾರು ಸರಿ? ಆಮೇಲೆ ಪ್ರಶ್ನೆ ಮನುಷ್ಯರದಾಯಿತು: ನನಗೆ ಯಾವ ಕೆಲಸ ಸರಿ? ಹಲಗೆ ಅದೇ, ಪಿನ್ನು ಅದೇ. ಕೇಳುವವರು ಬದಲಾದರು.

ಅಳತೆ ನಿಜವೋ ಸುಳ್ಳೋ

ಪಿನ್ನು ಹಾಕಿಸಿ ಜೀವನ ಹೇಳುತ್ತೇನೆ ಅಂದರೆ ಯಾರಾದರೂ ಯಾಕೆ ನಂಬಬೇಕು? ಇದು ಸರಿಯಾದ ಪ್ರಶ್ನೆ. ಅದಕ್ಕೆ ಒಂದೇ ದಾರಿ. ಮೊದಲು ಅಳೆಯಬೇಕು, ಆಮೇಲೆ ಆ ಜನ ನಿಜವಾದ ಕೆಲಸದಲ್ಲಿ ಏನಾದರು ಎಂದು ಕಾದು ನೋಡಬೇಕು.

ಇದನ್ನು ಅತಿ ದೊಡ್ಡ ಪ್ರಮಾಣದಲ್ಲಿ ಮಾಡಿದ್ದು ಎರಡನೇ ಮಹಾಯುದ್ಧದ ಹೊತ್ತಿನ ಅಮೆರಿಕದ ವಾಯುಪಡೆ. ಪೈಲಟ್ ಆಗಲು ಬಂದ ಯುವಕರಿಗೆ ಹಲವು ಪರೀಕ್ಷೆ ಕೊಟ್ಟರು. ಲಿಖಿತ ಪ್ರಶ್ನೆಗಳಿದ್ದವು, ಯಂತ್ರಗಳ ತಿಳಿವಳಿಕೆಯ ಪ್ರಶ್ನೆಗಳಿದ್ದವು, ಕೈ-ಕಾಲು-ಕಣ್ಣು ಒಟ್ಟಿಗೆ ಓಡಿಸಬೇಕಾದ ಉಪಕರಣಗಳಿದ್ದವು. ಎಲ್ಲ ಸೇರಿಸಿ 1ರಿಂದ 9ರವರೆಗೆ ಒಂದು ಅಂಕ ಕೊಟ್ಟರು. ಆಮೇಲೆ ತರಬೇತಿಯಲ್ಲಿ ಏನಾಯಿತು ಎಂದು ಲೆಕ್ಕ ಇಟ್ಟರು. 9 ಬಂದವರಲ್ಲಿ ಮೊದಲ ಹಂತದ ತರಬೇತಿಯಿಂದ ಹೊರಬಿದ್ದವರು ಶೇಕಡ 4. 1 ಬಂದವರಲ್ಲಿ ಹೊರಬಿದ್ದವರು ಶೇಕಡ 77. ನಡುವಿನ ಅಂಕಗಳಲ್ಲಿ ಮೆಟ್ಟಿಲು ಇಳಿದಂತೆ ಸಂಖ್ಯೆ ಬದಲಾಗುತ್ತ ಹೋಗುತ್ತದೆ. ಇದಲ್ಲದೆ, ಅಂಕ ಎಷ್ಟೇ ಇರಲಿ ಎಂದು ಸಾವಿರಕ್ಕೂ ಹೆಚ್ಚು ಜನರನ್ನು ಸುಮ್ನೆ ತರಬೇತಿಗೆ ಕಳಿಸಿಯೂ ನೋಡಿದರು, ಪರೀಕ್ಷೆಯ ಮಾತು ನಿಜವೇ ಎಂದು ತಿಳಿಯಲು.

ಈ ಅಂಕಿಗಳನ್ನು ಎರಡು ಸಲ ಓದಬೇಕು. ಮೊದಲ ಸಲ ಓದಿದಾಗ ಪರೀಕ್ಷೆ ಎಷ್ಟು ಕೆಲಸ ಮಾಡುತ್ತದೆ ಎಂದು ಕಾಣುತ್ತದೆ. ಎರಡನೇ ಸಲ ಓದಿದಾಗ ಇನ್ನೊಂದು ಕಾಣುತ್ತದೆ. ಅತಿ ಕಡಿಮೆ ಅಂಕ ಬಂದ 100 ಜನರಲ್ಲಿ 23 ಜನ ಆ ಮೊದಲ ಹಂತದ ತರಬೇತಿಯನ್ನು ಮುಗಿಸಿದರು. ಪರೀಕ್ಷೆ ಗುಂಪಿನ ಬಗ್ಗೆ ಧೈರ್ಯವಾಗಿ ಮಾತಾಡುತ್ತದೆ. ನಿಮ್ಮ ಮಗಳು ಆ 77ರಲ್ಲೋ 23ರಲ್ಲೋ ಎಂದು ಅದಕ್ಕೆ ಗೊತ್ತಿಲ್ಲ.

ಇದರ ಸಂಬಂಧಿಯೊಬ್ಬ ನಮ್ಮ ಮೈಸೂರಿನಲ್ಲೇ ಇದ್ದಾನೆ. ಭಾರತೀಯ ವಾಯುಪಡೆಯ ಆಯ್ಕೆ ಮಂಡಳಿ ಅಲ್ಲಿದೆ. ವಿಮಾನ ಹಾರಿಸಲು ಬಯಸುವವರಿಗೆ ಪೈಲಟ್ ಆಪ್ಟಿಟ್ಯೂಡ್ ಪರೀಕ್ಷೆ ಇರುತ್ತದೆ. ಕೈಯಲ್ಲಿ ಕಡ್ಡಿಯಂಥ ಹಿಡಿ, ಕಾಲಲ್ಲಿ ಪೆಡಲು, ಪರದೆಯ ಮೇಲೆ ಓಡಾಡುವ ಚುಕ್ಕಿ. ಆ ಚುಕ್ಕಿಯನ್ನು ಇರಬೇಕಾದ ಜಾಗದಲ್ಲೇ ಹಿಡಿದಿಡಬೇಕು. ಈಗ ಇದನ್ನು ಕಂಪ್ಯೂಟರ್ ವ್ಯವಸ್ಥೆಯಲ್ಲಿ ಮಾಡುತ್ತಾರೆ. ಈ ಪರೀಕ್ಷೆಗೆ ಜೀವನದಲ್ಲಿ ಒಂದೇ ಅವಕಾಶ. ಒಮ್ಮೆ ಫೇಲಾದರೆ ಹಾರುವ ಶಾಖೆಗೆ ಮತ್ತೆ ಬರುವಂತಿಲ್ಲ. ಕೇಳಿದರೆ ಕ್ರೂರ ಅನಿಸುತ್ತದೆ, ಆದರೆ ಕಾರಣವಿದೆ. ಎರಡನೇ ಸಲ ಕೂತಾಗ ಅಳೆಯುವುದು ಸಹಜ ಶಕ್ತಿಯನ್ನಷ್ಟೇ ಅಲ್ಲ, ಹಿಂದಿನ ಸಲದ ಅಭ್ಯಾಸವೂ ಅದರಲ್ಲಿ ಬೆರೆತಿರುತ್ತದೆ.

ಕ್ಯಾಂಪಸ್ ಸಂದರ್ಶನಗಳ 'ಆಪ್ಟಿಟ್ಯೂಡ್ ರೌಂಡ್' ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ರೈಲು ಸೇತುವೆ ದಾಟಲು ಎಷ್ಟು ಸೆಕೆಂಡು, ನಲ್ಲಿ ತೊಟ್ಟಿ ತುಂಬಲು ಎಷ್ಟು ಗಂಟೆ, ಇಂಥ ಲೆಕ್ಕಗಳನ್ನು ಆರು ತಿಂಗಳು ತಿದ್ದಿ ಹೋಗುತ್ತಾರೆ. ಅದು ತಯಾರಿಯ ಪರೀಕ್ಷೆ. ಹೆಸರು ಮಾತ್ರ ಆಪ್ಟಿಟ್ಯೂಡ್.

ಸಾಲಿನಲ್ಲಿ ಎಲ್ಲಿ ನಿಂತಿದ್ದೀರಿ

ರಿಪೋರ್ಟ್ ಕೈಗೆ ಬಂದಾಗ ಅತಿ ಹೆಚ್ಚು ತಪ್ಪು ತಿಳಿಯುವುದು 'ಪರ್ಸೆಂಟೈಲ್' ಎಂಬ ಪದವನ್ನು. 45 ಪರ್ಸೆಂಟೈಲ್ ಎಂದು ಇದ್ದರೆ ಅಪ್ಪ-ಅಮ್ಮ "100ಕ್ಕೆ 45 ಅಷ್ಟೇನಾ" ಎಂದು ಮುಖ ಸಣ್ಣದು ಮಾಡುತ್ತಾರೆ. ಅದು ಅಂಕವೇ ಅಲ್ಲ. ಅದು ಸಾಲಿನಲ್ಲಿ ನಿಂತ ಜಾಗ.

ಶಾಲೆಯ ಪ್ರಾರ್ಥನೆಗೆ ಎತ್ತರದ ಪ್ರಕಾರ ನಿಲ್ಲಿಸುತ್ತಿದ್ದರಲ್ಲ, ಅದನ್ನು ನೆನಪು ಮಾಡಿಕೊಳ್ಳಿ. 100 ಮಕ್ಕಳ ಸಾಲು. ಮುಂದಿನ ಮೂರು ಮಕ್ಕಳು ತೀರಾ ಕುಳ್ಳರು, ಹಿಂದಿನ ಮೂವರು ತೀರಾ ಎತ್ತರ. ನಡುವೆ ಮಾತ್ರ ಒಂದು ದೊಡ್ಡ ಗುಂಪು, ಅಲ್ಲಿ ಎಲ್ಲರೂ ಹೆಚ್ಚು ಕಡಿಮೆ ಒಂದೇ ಎತ್ತರ. 45ನೇ ಜಾಗದವರನ್ನೂ 55ನೇ ಜಾಗದವರನ್ನೂ ಬೇರೆ ಮಾಡುವುದು ಕೂದಲಿನ ಬಾಚಣಿಕೆ ಅಷ್ಟೇ. ಪರ್ಸೆಂಟೈಲ್ ಕೂಡ ಹೀಗೇ. ನಡುವಿನ ಹತ್ತಿಪ್ಪತ್ತು ಜಾಗದ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬಾರದು. ಇವತ್ತು ಬಂದದ್ದು ನಾಳೆ ಅಷ್ಟು ಹಿಂದೆ ಮುಂದೆ ಆಗುತ್ತದೆ. ಎರಡು ತುದಿಗಳಲ್ಲಿ ಮಾತ್ರ ನಿಂತು ನೋಡಬೇಕು. 90ರ ಮೇಲೆ ಏನಿದೆ, 15ರ ಕೆಳಗೆ ಏನಿದೆ?

ಇನ್ನೊಂದು ಪ್ರಶ್ನೆ ಇದಕ್ಕಿಂತ ದೊಡ್ಡದು. ಆ ಸಾಲಿನಲ್ಲಿ ನಿಂತವರು ಯಾರು? ಬೆಂಗಳೂರಿನ ಇಂಗ್ಲಿಷ್ ಮಾಧ್ಯಮದ ಮಕ್ಕಳ ಸಾಲಿನಲ್ಲಿ ರಾಯಚೂರು ಜಿಲ್ಲೆಯ ಕನ್ನಡ ಮಾಧ್ಯಮದ ಮಗುವನ್ನು ನಿಲ್ಲಿಸಿ, ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದರೆ, ಬರುವ ಅಂಕ ತರ್ಕಶಕ್ತಿಯದಲ್ಲ. ಅದು ಇಂಗ್ಲಿಷಿನದು.

ಈ ತಪ್ಪಿಗೆ ಇತಿಹಾಸವಿದೆ. 1917ರಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿದಾಗ ಸುಮಾರು 17 ಲಕ್ಷ ಸೈನಿಕರಿಗೆ ಬುದ್ಧಿ ಪರೀಕ್ಷೆ ಕೊಟ್ಟರು. ಅದರಲ್ಲಿ ಅಮೆರಿಕದ ಬೇಸ್‌ಬಾಲ್ ಆಟಗಾರರ ಬಗ್ಗೆ, ಅಂಗಡಿಯಲ್ಲಿ ಸಿಗುವ ಸಾಮಾನಿನ ಬಗ್ಗೆ ಪ್ರಶ್ನೆಗಳಿದ್ದವು. ಈಗಷ್ಟೇ ಹಡಗಿನಿಂದ ಇಳಿದ ಇಟಲಿಯವರಿಗೆ, ಪೋಲೆಂಡಿನವರಿಗೆ ಅದು ಹೇಗೆ ಗೊತ್ತಿರಬೇಕು? ಅವರಿಗೆ ಕಡಿಮೆ ಅಂಕ ಬಂತು. ಕಾರ್ಲ್ ಬ್ರಿಗಮ್ ಎಂಬ ಮನಶ್ಶಾಸ್ತ್ರಜ್ಞ 1923ರಲ್ಲಿ ಅದನ್ನೇ ಹಿಡಿದು, ಕೆಲವು ದೇಶದ ಜನರಿಗೆ ಹುಟ್ಟಿನಿಂದಲೇ ಬುದ್ಧಿ ಕಡಿಮೆ ಎಂದು ಬರೆದರು. 1930ರಲ್ಲಿ ತಾವು ಬರೆದದ್ದು ತಪ್ಪು ಎಂದು ಅವರೇ ಒಪ್ಪಿಕೊಂಡರು. ಅಮೆರಿಕದ ಕಾಲೇಜು ಪ್ರವೇಶದ ಎಸ್‌ಎಟಿ ಪರೀಕ್ಷೆ 1926ರಲ್ಲಿ ಶುರುವಾದದ್ದು ಇದೇ ಬ್ರಿಗಮ್ ಅವರ ಕೈಯಿಂದ. ಅದರ ಹೆಸರಿನ ನಡುವಿನ 'ಎ' ಅಂದರೆ ಆಪ್ಟಿಟ್ಯೂಡ್. 1990ರ ದಶಕದಲ್ಲಿ ಆ ಪದವನ್ನು ಹೆಸರಿನಿಂದಲೇ ತೆಗೆದುಹಾಕಿದರು. ಶಾಲೆಯಲ್ಲಿ ಕಲಿತದ್ದನ್ನು ಅಳೆದು, ಅದನ್ನು ಹುಟ್ಟುಗುಣ ಎಂಬಂತೆ ಕರೆಯುವುದು ಕಷ್ಟವಾಗಿತ್ತು.

ನಮ್ಮ ನಾಡಿನಲ್ಲಿ ಈ ಎಚ್ಚರ ಬೇಗನೇ ಇತ್ತು ಎಂಬುದು ನನಗೆ ಹೆಮ್ಮೆ. ಲಂಡನ್ನಿನಲ್ಲಿ ಮನಶ್ಶಾಸ್ತ್ರಜ್ಞ ಚಾರ್ಲ್ಸ್ ಸ್ಪಿಯರ್‌ಮನ್ ಬಳಿ ಕಲಿತು ಬಂದ ಎಂ.ವಿ. ಗೋಪಾಲಸ್ವಾಮಿ 1924ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರ ವಿಭಾಗ ಕಟ್ಟಿದರು. ಮೈಸೂರಿನ ಆಕಾಶವಾಣಿಯನ್ನು ಶುರು ಮಾಡಿದವರೂ ಅವರೇ. 1930ರ ದಶಕದಲ್ಲಿ ವಿ.ವಿ. ಕಾಮತ್ ಫ್ರಾನ್ಸಿನ ಬಿನೆ ಪರೀಕ್ಷೆಯನ್ನು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗಾಗಿ ತಿದ್ದಿ ರೂಪಿಸಿದರು. ಬರೀ ಅನುವಾದ ಮಾಡಿದರೆ ಸಾಲದು. ಒಂದು ಭಾಷೆಯಲ್ಲಿ ಆರು ವರ್ಷದ ಮಗುವಿಗೆ ಸುಲಭವಾದ ಪದ ಇನ್ನೊಂದು ಭಾಷೆಯಲ್ಲಿ ಹತ್ತು ವರ್ಷದ ಮಗುವಿಗೂ ಕಷ್ಟವಾಗಬಹುದು. ಇಲ್ಲಿನ ಮಕ್ಕಳಿಗೇ ಕೊಟ್ಟು ನೋಡಿ ಸಾಲು ಕಟ್ಟಬೇಕು. ಅದು ಬುದ್ಧಿ ಪರೀಕ್ಷೆ, ಆಪ್ಟಿಟ್ಯೂಡ್ ಪರೀಕ್ಷೆಯಲ್ಲ. ಆದರೆ ಆ ಪಾಠ ಎರಡಕ್ಕೂ ಒಂದೇ. ಬಿನೆ–ಕಾಮತ್ ಪರೀಕ್ಷೆಯನ್ನು ನಮ್ಮ ದೇಶದ ಮನಶ್ಶಾಸ್ತ್ರಜ್ಞರು ಈಗಲೂ ಬಳಸುತ್ತಾರೆ.

ಸ್ಪಿಯರ್‌ಮನ್ ಹೆಸರು ಬಂತಲ್ಲ, ಒಂದು ಹಳೆಯ ಜಗಳವನ್ನೂ ಹೇಳಬೇಕು. ಒಂದು ವಿಷಯದಲ್ಲಿ ಮುಂದಿರುವ ಮಗು ಬೇರೆ ವಿಷಯಗಳಲ್ಲೂ ಸಾಮಾನ್ಯವಾಗಿ ಮುಂದಿರುತ್ತದೆ, ಎಲ್ಲದರ ಹಿಂದೆ ಒಂದೇ ಸಾಮಾನ್ಯ ಬುದ್ಧಿ ಇದೆ ಎಂದು ಅವರು 1904ರಲ್ಲಿ ಹೇಳಿದರು. 1938ರಲ್ಲಿ ಲೂಯಿ ಥರ್ಸ್‌ಟನ್, ಹಾಗಲ್ಲ, ಏಳು ಬೇರೆ ಬೇರೆ ಮೂಲ ಶಕ್ತಿಗಳಿವೆ ಅಂದರು. ಜಾನ್ ಕ್ಯಾರೊಲ್ 1993ರಲ್ಲಿ ನೂರಾರು ಹಳೆಯ ಅಧ್ಯಯನಗಳ ಅಂಕಿಗಳನ್ನು ಮತ್ತೆ ಲೆಕ್ಕ ಹಾಕಿ, ಇಬ್ಬರ ಮಾತಿನಲ್ಲೂ ಸತ್ಯವಿದೆ ಎಂದು ತೋರಿಸಿದರು. ಮರದ ಬೊಡ್ಡೆ ಒಂದೇ, ಕೊಂಬೆಗಳು ಹಲವು. ಹಾಗಾಗಿ ಓ'ಕಾನರ್ ಹೇಳಿದಷ್ಟು ಈ ಶಕ್ತಿಗಳು ಒಂದರಿಂದ ಇನ್ನೊಂದು ಪೂರ್ತಿ ಬೇರೆಯಲ್ಲ. ಆದರೂ ಕೊಂಬೆ ಯಾವ ಕಡೆ ಚಾಚಿದೆ ಎಂದು ನೋಡುವುದರಿಂದ ಲಾಭವಿದೆ.

ಅದಕ್ಕೆ ದೊಡ್ಡ ಸಾಕ್ಷಿ 1960ರ 'ಪ್ರಾಜೆಕ್ಟ್ ಟ್ಯಾಲೆಂಟ್'. ಅಮೆರಿಕದ ಸುಮಾರು 4 ಲಕ್ಷ ಹೈಸ್ಕೂಲು ವಿದ್ಯಾರ್ಥಿಗಳನ್ನು ಪರೀಕ್ಷಿಸಿ, ವರ್ಷಗಳ ನಂತರ ಅವರು ಏನಾದರು ಎಂದು ಹುಡುಕಿ ನೋಡಿದರು. ಎಂಜಿನಿಯರಿಂಗ್ ಮತ್ತು ಭೌತವಿಜ್ಞಾನದ ಕಡೆ ಹೋದವರು ಹದಿಹರೆಯದಲ್ಲೇ ಆಕಾರಗಳನ್ನು ಮನಸ್ಸಿನಲ್ಲಿ ತಿರುಗಿಸುವುದರಲ್ಲಿ ಮುಂದಿದ್ದರು. ಬರೀ ಗಣಿತ ಮತ್ತು ಭಾಷೆಯ ಅಂಕ ನೋಡಿ ಪ್ರತಿಭೆ ಹುಡುಕುವವರ ಕಣ್ಣಿಗೆ, ಈ ಶಕ್ತಿ ಇರುವ ಎಷ್ಟೋ ಮಕ್ಕಳು ಬೀಳುವುದೇ ಇಲ್ಲ ಎಂದು 2009ರಲ್ಲಿ ಈ ಅಂಕಿಗಳನ್ನು ಮತ್ತೆ ನೋಡಿದ ಸಂಶೋಧಕರು ಬರೆದರು. ಓದಿದಾಗ ನನ್ನ ರೂಮ್‌ಮೇಟ್ ಕಣ್ಣ ಮುಂದೆ ಬಂದಳು.

ಒಲಿಯದ್ದನ್ನು ಒಲಿಸಿಕೊಳ್ಳಬಹುದೇ

ಓ'ಕಾನರ್ ಪರಂಪರೆಯವರು 14 ವರ್ಷದ ಮೇಲಿನವರನ್ನಷ್ಟೇ ಪರೀಕ್ಷಿಸುತ್ತಾರೆ. ಆ ಹೊತ್ತಿಗೆ ಈ ಶಕ್ತಿಗಳು ಒಂದು ನೆಲೆಗೆ ಬಂದಿರುತ್ತವೆ, ಆಮೇಲೆ ಹೆಚ್ಚು ಬದಲಾಗುವುದಿಲ್ಲ ಎಂಬುದು ಅವರ ನಂಬಿಕೆ. ಬಳಸದೆ ಬಿಟ್ಟ ಶಕ್ತಿ ಒಳಗೇ ಕೊರೆಯುತ್ತದೆ ಎಂದೂ ಓ'ಕಾನರ್ ಹೇಳುತ್ತಿದ್ದರು. ಇದು ಸಾವಿರಾರು ಜನರನ್ನು ಕಂಡ ಅನುಭವದ ಮಾತು, ಪ್ರಯೋಗದಿಂದ ಸಾಬೀತಾದದ್ದಲ್ಲ. ಆದರೆ ಒಳ್ಳೆಯ ಸಂಬಳ ಇದ್ದೂ ಏನೋ ಕಳೆದುಕೊಂಡವರಂತೆ ಓಡಾಡುವವರನ್ನು ನಾನೂ ನೋಡಿದ್ದೇನೆ, ನೀವೂ ನೋಡಿದ್ದೀರಿ.

ಬದಲಾಗುವುದಿಲ್ಲ ಎಂಬ ಮಾತನ್ನು ಮಾತ್ರ ನಾನು ಪೂರ್ತಿ ಒಪ್ಪುವುದಿಲ್ಲ. ಶೆರಿಲ್ ಸೋರ್ಬಿ ಎಂಬ ಅಮೆರಿಕದ ಎಂಜಿನಿಯರಿಂಗ್ ಪ್ರಾಧ್ಯಾಪಕಿ ಇದ್ದಾರೆ. ಓದುವ ಕಾಲದಲ್ಲಿ ಅವರಿಗೂ ಡ್ರಾಯಿಂಗ್ ತರಗತಿ ನನಗಾದಂತೆಯೇ ಕಷ್ಟವಾಗಿತ್ತು. ಅವರು 1993ರಲ್ಲಿ ಮಿಷಿಗನ್ ಟೆಕ್ ವಿಶ್ವವಿದ್ಯಾಲಯದಲ್ಲಿ ಒಂದು ಕೋರ್ಸ್ ಶುರು ಮಾಡಿದರು. ಕಾಲೇಜಿಗೆ ಸೇರುವಾಗಲೇ ಆಕಾರ ತಿರುಗಿಸುವ ಒಂದು ಸಣ್ಣ ಪರೀಕ್ಷೆ. ಅದರಲ್ಲಿ ಹಿಂದೆ ಬಿದ್ದವರಿಗೆ ಕೆಲವು ವಾರಗಳ ಅಭ್ಯಾಸ: ಘನಗಳನ್ನು ಕೈಯಲ್ಲಿ ಹಿಡಿದು ನೋಡುವುದು, ಬರೆಯುವುದು, ಕತ್ತರಿಸಿದರೆ ಹೇಗೆ ಕಾಣುತ್ತದೆ ಎಂದು ಊಹಿಸುವುದು. ಕೋರ್ಸ್ ತೆಗೆದುಕೊಂಡವರ ಅಂಕ ಏರಿತು, ಅವರಲ್ಲಿ ಹೆಚ್ಚು ಜನ ಎಂಜಿನಿಯರಿಂಗ್‌ನಲ್ಲೇ ಉಳಿದರು. ಹುಡುಗಿಯರಿಗೆ ಇದರಿಂದ ಬಹಳ ಸಹಾಯವಾಯಿತು. ನನ್ನ ಸೋಪಿನ ಪಿರಮಿಡ್ಡುಗಳನ್ನು ಯಾರಾದರೂ ಆಗ ಹೀಗೆ ಪಾಠ ಮಾಡಿದ್ದರೆ ಎಂದು ಈಗಲೂ ಅನಿಸುತ್ತದೆ.

ಅಂದರೆ ಕಡಿಮೆ ಅಂಕಕ್ಕೆ ಎರಡು ಅರ್ಥವಿದೆ. ಬೇರೆ ದಾರಿ ಹಿಡಿಯಿರಿ ಎಂಬುದು ಒಂದು. ಈ ದಾರಿಯೇ ಬೇಕೆಂದರೆ ಇಲ್ಲಿ ಜಾಸ್ತಿ ಅಭ್ಯಾಸ ಬೇಕು, ಮೊದಲೇ ಶುರು ಮಾಡಿ ಎಂಬುದು ಇನ್ನೊಂದು. ಯಾವುದನ್ನು ಆರಿಸಬೇಕು ಎಂದು ಪರೀಕ್ಷೆ ಹೇಳುವುದಿಲ್ಲ. ಆ ದಾರಿ ನಮಗೆ ಎಷ್ಟು ಬೇಕು ಎಂಬುದರ ಮೇಲೆ ಅದು ನಿಂತಿದೆ.

ಓ'ಕಾನರ್ ಕಂಡ ಇನ್ನೊಂದು ವಿಷಯ ನನಗೆ ಎಲ್ಲಕ್ಕಿಂತ ಮುಖ್ಯ. ಹಲವು ಕಂಪನಿಗಳ ಮೇಲಿನ ಹುದ್ದೆಯವರನ್ನು ಪರೀಕ್ಷಿಸಿದಾಗ ಅವರಿಗೆ ಸಮಾನವಾಗಿ ಕಂಡದ್ದು ಯಾವ ಹುಟ್ಟುಶಕ್ತಿಯೂ ಅಲ್ಲ, ಪದಸಂಪತ್ತು. ಅದು ಓದಿ, ಕೇಳಿ, ಮಾತಾಡಿ ಗಳಿಸುವಂಥದ್ದು. ಪದ ಗೊತ್ತಿದ್ದರಿಂದಲೇ ಅವರು ಮೇಲೇರಿದರು ಎಂದು ಇದರಿಂದ ಹೇಳಲಾಗದು. ಆದರೆ ನಮ್ಮ ಮಕ್ಕಳನ್ನು ನೋಡಿದಾಗ ನನಗೆ ಇದೇ ಚಿಂತೆ. ಕನ್ನಡದಲ್ಲಿ ಮನೆಮಾತಿನಷ್ಟು, ಇಂಗ್ಲಿಷಿನಲ್ಲಿ ಪಠ್ಯದಷ್ಟು, ಎರಡೂ ಮೊಣಕಾಲು ಆಳ. ಒಂದರಲ್ಲಾದರೂ ಈಜುವಷ್ಟು ಆಳಕ್ಕೆ ಇಳಿಸದೆ, ಯಾವ ಆಪ್ಟಿಟ್ಯೂಡ್ ಹುಡುಕಿ ಏನು ಮಾಡೋಣ?

ಎಲ್ಲಿ ಮಾಡಿಸುವುದು

ಬೆರಳಚ್ಚು ತೆಗೆದು ಮಗುವಿನ ಪ್ರತಿಭೆ ಹೇಳುತ್ತೇವೆ ಎನ್ನುವ 'ಡಿಎಂಐಟಿ' ಎಂಬುದಕ್ಕೆ ದಯವಿಟ್ಟು ದುಡ್ಡು ಕೊಡಬೇಡಿ. ಹತ್ತು ಬೆರಳು ಸ್ಕ್ಯಾನ್ ಮಾಡಿ, ಬಣ್ಣಬಣ್ಣದ ದಪ್ಪ ರಿಪೋರ್ಟ್ ಕೊಡುತ್ತಾರೆ. ಬೆರಳಿನ ಗೆರೆಗಳು ತಾಯಿಯ ಹೊಟ್ಟೆಯಲ್ಲೇ ಮೂಡುತ್ತವೆ. ಅವು ಗಣಿತವನ್ನೋ ಸಂಗೀತವನ್ನೋ ತೋರಿಸುತ್ತವೆ ಎನ್ನಲು ವೈಜ್ಞಾನಿಕ ಆಧಾರವಿಲ್ಲ. ನೆನಪಿಡಲು ಒಂದು ಸುಲಭ ಅಳತೆಗೋಲು ಇದೆ. ನಿಜವಾದ ಆಪ್ಟಿಟ್ಯೂಡ್ ಪರೀಕ್ಷೆಯಲ್ಲಿ ಮಗು ಏನಾದರೂ ಮಾಡಬೇಕು. ಜೋಡಿಸಬೇಕು, ಹೋಲಿಸಬೇಕು, ನೆನಪಿಡಬೇಕು, ಬಿಡಿಸಬೇಕು. ಮಗು ಏನೂ ಮಾಡಲಿಲ್ಲ ಅಂದರೆ ಅಲ್ಲಿ ಏನನ್ನೂ ಅಳೆದಿಲ್ಲ.

ಸಿಬಿಎಸ್‌ಇ ಮತ್ತು ಎನ್‌ಸಿಇಆರ್‌ಟಿ ಸೇರಿ 9 ಮತ್ತು 10ನೇ ತರಗತಿಯವರಿಗಾಗಿ 'ತಮನ್ನಾ' ಎಂಬ ಪರೀಕ್ಷೆ ಮಾಡಿವೆ. ಭಾಷೆ, ಅಂಕಿ, ಯಂತ್ರ, ಆಕಾರ ಹೀಗೆ ಏಳು ವಿಭಾಗ. ಪಾಸು-ಫೇಲು ಇಲ್ಲ, ಕಡ್ಡಾಯವೂ ಅಲ್ಲ. ಬೇರೆ ಕಡೆ ಮಾಡಿಸುವುದಾದರೆ ಕೇಳಬೇಕಾದದ್ದು ಇಷ್ಟು: ಇದನ್ನು ಎಂಥ ಮಕ್ಕಳಿಗೆ ಕೊಟ್ಟು ಸಾಲು ಕಟ್ಟಿದ್ದೀರಿ? ನಮ್ಮ ಮಗುವಿಗೆ ಚೆನ್ನಾಗಿ ಬರುವ ಭಾಷೆಯಲ್ಲಿ ಕೊಡುತ್ತೀರಾ? ರಿಪೋರ್ಟ್ ಕೊಟ್ಟ ಮೇಲೆ ಕೂತು ಮಾತಾಡುವವರು ಮನಶ್ಶಾಸ್ತ್ರ ಓದಿದವರೇ? ಉತ್ತರ ತಡವರಿಸಿದರೆ ಎದ್ದು ಬನ್ನಿ. ನಿಮ್ಮ ಮಗ ಡಾಕ್ಟರೇ ಆಗಬೇಕು ಎಂದು ಒಂದೇ ಹೆಸರು ಬರೆದುಕೊಟ್ಟರೂ ಎದ್ದು ಬನ್ನಿ. ಯಾವ ಒಳ್ಳೆಯ ಪರೀಕ್ಷೆಯೂ ಹಾಗೆ ಹೇಳುವುದಿಲ್ಲ.

ನನ್ನ ಅಕ್ಕನ ಮಗಳಿಗೆ ಕಳೆದ ವರ್ಷ 10ನೇ ತರಗತಿಯಲ್ಲಿ ಇಂಥ ಪರೀಕ್ಷೆ ಮಾಡಿಸಿದೆವು. ಗಣಿತದಲ್ಲಿ ವಿಧಾನವೆಲ್ಲ ಸರಿ ಇರುತ್ತಿತ್ತು, ಉತ್ತರ ತಪ್ಪು. ಪ್ರಶ್ನೆಯ 68 ಅವಳ ಹಾಳೆಯಲ್ಲಿ 86 ಆಗುತ್ತಿತ್ತು. ಮನೆಯಲ್ಲಿ ದಿನಾ "ಗಮನ ಎಲ್ಲಿರುತ್ತೆ ನಿಂದು" ಎಂಬ ಬೈಗುಳ. ರಿಪೋರ್ಟ್ ಬಂತು. ಆಕಾರಗಳಲ್ಲಿ ಸಾಲಿನ ಕೊನೆಯ ಎತ್ತರದವರ ಹತ್ತಿರ ಇದ್ದಳು. ಆದರೆ ಎರಡು ಸಂಖ್ಯೆ ಒಂದೇನಾ ಬೇರೆನಾ ಎಂದು ಬೇಗ ಹೋಲಿಸುವ ಪರೀಕ್ಷೆಯಲ್ಲಿ ಸಾಲಿನ ತೀರಾ ಮುಂದೆ, ಕುಳ್ಳರ ಜೊತೆ. ಓ'ಕಾನರ್ ಇದಕ್ಕೆ 'ಗ್ರಾಫೋರಿಯಾ' ಎಂದು ಹೆಸರಿಟ್ಟಿದ್ದರು. ಶಾಲೆಯ ಓದಿನಲ್ಲಿ ನಕಲು ಮಾಡುವುದು, ಅಂಕಿ ಬರೆಯುವುದು, ಬೇಗ ಓದಿ ಮುಗಿಸುವುದೇ ಹೆಚ್ಚು. ಆದ್ದರಿಂದ ಈ ಶಕ್ತಿ ಕಡಿಮೆ ಇರುವ ಮಕ್ಕಳಿಗೆ ಸೋಮಾರಿ ಎಂಬ ಹೆಸರು ಬೇಗ ಅಂಟುತ್ತದೆ.

ಅಕ್ಕ ರಿಪೋರ್ಟ್ ಓದಿ ಬಹಳ ಹೊತ್ತು ಸುಮ್ಮನೆ ಕೂತಿದ್ದಳು. ಆಮೇಲೆ "ಇವಳಿಗೆ ಎಷ್ಟು ಬೈದುಬಿಟ್ಟೆನಲ್ಲೇ" ಅಂದಳು.

ಹುಡುಗಿ ಪಿಯುಸಿಗೆ ಪಿಸಿಎಂಸಿಯನ್ನೇ ತೆಗೆದುಕೊಂಡಿದ್ದಾಳೆ. ಅದು ಅವಳ ಆಸೆ. ಮೊನ್ನೆ ಮನೆಗೆ ಹೋಗಿದ್ದಾಗ ನೋಡಿದೆ, ಲೆಕ್ಕ ಮುಗಿಸಿದ ಮೇಲೆ ಪ್ರಶ್ನೆಯ ಕೆಳಗೆ ಸ್ಕೇಲ್ ಇಟ್ಟು, ಒಂದೊಂದೇ ಅಂಕಿಯ ಮೇಲೆ ಬೆರಳಿಟ್ಟು ತನ್ನ ಹಾಳೆಯ ಜೊತೆ ಹೋಲಿಸುತ್ತಿದ್ದಳು. ಹತ್ತು ನಿಮಿಷ ಜಾಸ್ತಿ ಹಿಡಿಯುತ್ತದಂತೆ. "ಚಿಕ್ಕಮ್ಮಾ, ಈ ಸಲ ಟೆಸ್ಟಲ್ಲಿ ಎರಡೇ ಕಡೆ ತಪ್ಪಾಗಿದ್ದು" ಅಂದಳು.